ಗೋಲ್‌ಸ್ಟನ್ ಸ್ಟ್ರೀಟಿನ ಗೋಡೆಬರಹ: ದಪ್ಪ ಪುಸ್ತಕವೋ, ವಿಚಾರಣೆಯ ವರದಿಯೋ?

ಲಂಡನ್ನಿನ ಸರಣಿ ಕೊಲೆಗಾರ ಜಾಕ್ ದಿ ರಿಪ್ಪರ್ ಪ್ರಕರಣದ ಗೋಡೆಬರಹ ಅರ್ಥವಾಗಬೇಕಾದರೆ 1888ರ ಅಕ್ಟೋಬರಿನಲ್ಲಿ ಲಂಡನ್ ಪತ್ರಿಕೆಗಳು ಅಚ್ಚು ಹಾಕಿದ ಸಾವಿನ ವಿಚಾರಣೆಯ ವರದಿಯನ್ನೇ ಓದಿ. ನಾನು ದುಡ್ಡು ಕೊಟ್ಟು ತರಿಸಿದ ದಪ್ಪ ಪುಸ್ತಕ ಅದರ ಹತ್ತಿರಕ್ಕೂ ಬರುವುದಿಲ್ಲ.

ಪುಸ್ತಕದ ಕಾಗದ ಚೆನ್ನಾಗಿದೆ, ಚಿತ್ರಗಳೂ ಜಾಸ್ತಿ. ಆದರೆ ಆ ಸೀಮೆಸುಣ್ಣದ ಮಾತನ್ನು ಒಂದೇ ರೂಪದಲ್ಲಿ ಕೊಟ್ಟು, ಕೊಲೆಗಾರನೇ ಬರೆದ ಅಂತ ಹೇಳಿ ಮುಂದೆ ಹೋಗಿಬಿಡುತ್ತದೆ. ಯಾರು ಬರೆದುಕೊಂಡರು ಅನ್ನುವ ಸುದ್ದಿಯೇ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಮೂಲ ಬರಹ ಉಳಿದಿದ್ದರೆ ಸರಿ, ಅದೂ ಇಲ್ಲವಲ್ಲ! ಸೆಪ್ಟೆಂಬರ್ 30ರ ನಸುಕಿನ 2.55ಕ್ಕೆ ಕಾನ್‌ಸ್ಟೆಬಲ್ ಆಲ್ಫ್ರೆಡ್ ಲಾಂಗ್‌ಗೆ ಗೋಲ್‌ಸ್ಟನ್ ಸ್ಟ್ರೀಟಿನ ಒಂದು ಬಾಗಿಲಲ್ಲಿ, ಅದೇ ರಾತ್ರಿ ಮೈಟರ್ ಸ್ಕ್ವೇರಿನಲ್ಲಿ ಕೊಲೆಯಾದ ಕ್ಯಾಥರೀನ್ ಎಡೋಸ್‌ಳ ಏಪ್ರನ್ ತುಂಡು ಸಿಕ್ಕಿತು. ಮೇಲೆ ಗೋಡೆಯಲ್ಲಿ ಬರಹ. ಭಾನುವಾರದ ಸಂತೆಗೆ ಜನ ಸೇರುವ ಹೊತ್ತಾಗುತ್ತಿತ್ತು. ಯಹೂದಿಗಳ ಮೇಲೆ ಗಲಭೆ ಎದ್ದೀತು ಎಂದು ಹೆದರಿ, ಕಮಿಷನರ್ ಚಾರ್ಲ್ಸ್ ವಾರನ್ ಫೋಟೊ ತೆಗೆಯುವ ಮೊದಲೇ ಒರೆಸಿಸಿದರು.

ಉಳಿದದ್ದು ಪೊಲೀಸರ ನಕಲು ಮಾತ್ರ, ಅವೂ ಹೊಂದುವುದಿಲ್ಲ. ಲಾಂಗ್ ಪ್ರಕಾರ 'ದಿ ಜ್ಯೂಸ್ (ಯಹೂದಿಗಳು) ಆರ್ ದಿ ಮೆನ್ ದಟ್ ವಿಲ್ ನಾಟ್ ಬಿ ಬ್ಲೇಮ್ಡ್ ಫಾರ್ ನಥಿಂಗ್'. ಪತ್ತೇದಾರ ಡೇನಿಯಲ್ ಹಾಲ್ಸ್ ಪ್ರಕಾರ 'ದಿ ಜ್ಯೂಸ್ ಆರ್ ನಾಟ್ ದಿ ಮೆನ್ ... ವಿಲ್ ಬಿ ಬ್ಲೇಮ್ಡ್ ಫಾರ್ ನಥಿಂಗ್'. ಒಂದು 'ನಾಟ್' ಜಾಗ ಬದಲಿಸಿದೆ ಅಷ್ಟೇ. ಆದರೆ ಇದು ಯಹೂದಿಗಳ ಮೇಲಿನ ಆರೋಪವೋ, ಅವರ ಪರವಾದ ಮಾತೋ ಅನ್ನುವ ಜಗಳವೆಲ್ಲ ಇಂಥ ಕಡೆಯೇ ನಿಂತಿದೆ ಅಲ್ವಾ?

ವರದಿಯಲ್ಲಿ ಇದು ಕಣ್ಣೆದುರೇ ನಡೆಯುತ್ತದೆ. 'ನಾಟ್' ತಪ್ಪು ಜಾಗದಲ್ಲಿ ಹಾಕಿದಿರಾ ಎಂದು ವಕೀಲ ಕ್ರಾಫರ್ಡ್ ಕೇಳುತ್ತಾರೆ. ಲಾಂಗ್ ಪಟ್ಟು ಬಿಡುವುದಿಲ್ಲ. ನೋಟ್‌ಬುಕ್ ಎಲ್ಲಿ ಅಂದರೆ ವೆಸ್ಟ್‌ಮಿನ್‌ಸ್ಟರಿನಲ್ಲಿದೆ! ಹೋಗಿ ತರಬೇಕಾಯಿತು. ಗೋಡೆಯಲ್ಲಿ 'ಜ್ಯೂಸ್' ಕಾಗುಣಿತ ಬೇರೆ ಇತ್ತೆಂದು ಇನ್‌ಸ್ಪೆಕ್ಟರ್ ತೋರಿಸಿದ್ದನ್ನೂ ಲಾಂಗ್ ಹೇಳುತ್ತಾನೆ. ಒರೆಸುವುದಕ್ಕೆ ತಾನು ವಿರೋಧಿಸಿದ್ದಾಗಿ ಹಾಲ್ಸ್ ಹೇಳುತ್ತಾನೆ. ಅವನ ಕಣ್ಣಿಗೆ ಬರಹ ಹೊಸದಾಗಿ ಕಂಡಿತ್ತು. ಕೊಲೆಗಾರನೇ ಬರೆದ ಅನ್ನುವುದಕ್ಕೆ ಅಷ್ಟು ಸಾಲದು.

ಏಪ್ರನ್ ವಿಷಯದಲ್ಲಿ ಪುಸ್ತಕ, ವರದಿ ಎರಡೂ ಸಮ: ತೇಪೆ, ಹೊಲಿಗೆ ಹೊಂದಿದ್ದರಿಂದ ತುಂಡು ಅವಳದೇ.

ವರದಿಯ ಅಕ್ಷರ ಸಣ್ಣದು, ಕಣ್ಣು ನೋಯುತ್ತದೆ. ಆದರೂ ಪುಕ್ಕಟೆ ಸಿಗುತ್ತದೆ. ಪೆನ್ಸಿಲ್ ಹಿಡಿದು ಓದುವ ನನ್ನಂಥವರಿಗೆ ಪ್ರಿಂಟ್ ತೆಗೆದ ಹಾಳೆಯೇ ವಾಸಿ. ಪುಸ್ತಕದಲ್ಲಿ ಮೈಟರ್ ಸ್ಕ್ವೇರಿನಿಂದ ಗೋಲ್‌ಸ್ಟನ್ ಸ್ಟ್ರೀಟಿಗೆ ಒಳ್ಳೆಯ ನಕ್ಷೆಯಿದೆ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ವರದಿಗೆ ಪಿನ್ ಹಾಕಿದ್ದೇನೆ.