ದಾವಣಗೆರೆಯ ಲ್ಯಾಬ್‌ನ ಪುರುಷ ಹಾರ್ಮೋನ್ ಪ್ಯಾಕೇಜ್: ಎಸ್‌ಎಚ್‌ಬಿಜಿ ಸೇರಿಸದೆ ತಗೋಬೇಡಿ

ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿಗೆ ಮೊದಲು ಮತ್ತು ಆಮೇಲೆ ಗಂಡಸರು ಮಾಡಿಸುವ ಹಾರ್ಮೋನ್ ಪ್ಯಾಕೇಜ್ ಇದು. ಒಟ್ಟು ಟೆಸ್ಟೋಸ್ಟಿರಾನ್ (ಗಂಡಸರ ಮುಖ್ಯ ಹಾರ್ಮೋನ್), ವೃಷಣಕ್ಕೆ ಕೆಲಸ ಹೇಳುವ ಎಲ್‌ಎಚ್, ಎಫ್‌ಎಸ್‌ಎಚ್, ಜೊತೆಗೆ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಇವೆ. ರಕ್ತ ತೆಗೆಯುವವರ ಕೈ ಪಳಗಿದೆ, ದಪ್ಪ ತೋಳಿನಲ್ಲೂ ಒಂದೇ ಚುಚ್ಚಿಗೆ ನರ ಸಿಗುತ್ತದೆ. ಆದರೆ ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಎಸ್‌ಎಚ್‌ಬಿಜಿಯನ್ನೇ ಬಿಟ್ಟಿದ್ದಾರೆ. ತೂಕ ಹೆಚ್ಚಿರುವವರಿಗೆ ಮುಖ್ಯವಾಗಿ ಬೇಕಾದದ್ದೇ ಅದು.

ಕಾರಣ ಇಷ್ಟೆ. ಕೊಬ್ಬಿನಲ್ಲಿರುವ ಅರೊಮಟೇಸ್ ಕಿಣ್ವ ಟೆಸ್ಟೋಸ್ಟಿರಾನನ್ನು ಎಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಹಾರ್ಮೋನ್ ಆಗಿ ಬದಲಿಸುತ್ತದೆ. ಎಸ್ಟ್ರಡಯಾಲ್ ಮೆದುಳಿನಿಂದ ವೃಷಣಕ್ಕೆ ಹೋಗುವ ಎಲ್‌ಎಚ್ ಸಂದೇಶವನ್ನು ತಗ್ಗಿಸುತ್ತದೆ. ಇನ್ನೊಂದು ಕಡೆ ಇನ್ಸುಲಿನ್ ಪ್ರತಿರೋಧದಿಂದ (ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದ ಸ್ಥಿತಿ) ಲಿವರ್ ತಯಾರಿಸುವ ಎಸ್‌ಎಚ್‌ಬಿಜಿ ಕಡಿಮೆಯಾಗುತ್ತದೆ. ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನೇ ಇಳಿದಾಗ ಒಟ್ಟು ಅಂಕಿಯೂ ಇಳಿಯುತ್ತದೆ, ಯಾವ ಪ್ರೋಟೀನಿಗೂ ಅಂಟದ ಮುಕ್ತ ಟೆಸ್ಟೋಸ್ಟಿರಾನ್ ಮಾತ್ರ ಸರಿಯಾಗಿಯೇ ಇರಬಹುದು. ಸರ್ಜರಿ ಆಗಿ ತೂಕ ಇಳಿದಂತೆ ಇದೆಲ್ಲ ತಿರುಗುತ್ತದೆ: ಎಸ್‌ಎಚ್‌ಬಿಜಿ ಏರುತ್ತದೆ, ಎಸ್ಟ್ರಡಯಾಲ್ ಇಳಿಯುತ್ತದೆ, ಒಟ್ಟು ಟೆಸ್ಟೋಸ್ಟಿರಾನ್ ಚೆನ್ನಾಗಿ ಮೇಲೇರುತ್ತದೆ. ಆ ಏರಿಕೆಯಲ್ಲಿ ಒಂದು ಪಾಲು ಎಸ್‌ಎಚ್‌ಬಿಜಿಯದ್ದು. ಒಟ್ಟು ಅಂಕಿಯ ಜೊತೆ ಎಸ್‌ಎಚ್‌ಬಿಜಿ ಮತ್ತು ಅಲ್ಬುಮಿನ್ (ರಕ್ತದ ಇನ್ನೊಂದು ಪ್ರೋಟೀನ್) ಗೊತ್ತಿದ್ದರೆ ಮುಕ್ತ ಪ್ರಮಾಣವನ್ನು ಲೆಕ್ಕ ಹಾಕಬಹುದು. ಅದೇ ಟ್ಯೂಬಿನ ಸೀರಂ ಸಾಕು, ಇನ್ನೊಮ್ಮೆ ಚುಚ್ಚಿಸಿಕೊಳ್ಳಬೇಕಿಲ್ಲ. ದುಡ್ಡು ಕಟ್ಟುವಾಗಲೇ ಕೇಳಿ ಬರೆಸಿ.

ಸ್ಯಾಂಪಲ್ ಕೊಡುವ ಹೊತ್ತೂ ಮುಖ್ಯ. ಬೆಳಿಗ್ಗೆ 8ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ. ಬೆಣ್ಣೆ ದೋಸೆ ತಿಂದು ಹನ್ನೊಂದಕ್ಕೆ ಹೋದರೆ ಅಂಕಿ ನಿಜಕ್ಕಿಂತ ಕೆಳಗೆ ಬರುತ್ತದೆ, ಏಕೆಂದರೆ ಊಟದ ಸಕ್ಕರೆಯೂ ಹೊತ್ತೇರುವುದೂ ಎರಡೂ ಟೆಸ್ಟೋಸ್ಟಿರಾನನ್ನು ಇಳಿಸುತ್ತವೆ. ಮೊದಲ ವರದಿ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಲೇಬೇಕು.

ಕೌಂಟರಿನಲ್ಲಿ ಯಾರೂ ಕೇಳದ ಪ್ರಶ್ನೆ ಬಯೋಟಿನ್ ಎಂಬ ವಿಟಮಿನ್ ಬಗ್ಗೆ. ಸರ್ಜರಿ ನಂತರ ಕೂದಲು ಉದುರುತ್ತದೆಂದು ಹೆಚ್ಚಿನವರು ಈ ಮಾತ್ರೆ ನುಂಗುತ್ತಾರೆ, ಮಲ್ಟಿವಿಟಮಿನ್‌ನಲ್ಲೂ ಇರುತ್ತದೆ. ಅಳತೆಗೆ ಬಯೋಟಿನನ್ನೇ ಬಳಸುವ (ಬಯೋಟಿನ್-ಸ್ಟ್ರೆಪ್ಟವಿಡಿನ್ ವಿಧಾನದ) ಯಂತ್ರಗಳಲ್ಲಿ ಹೆಚ್ಚು ಡೋಸಿನ ಬಯೋಟಿನ್ ಟೆಸ್ಟೋಸ್ಟಿರಾನ್, ಎಸ್ಟ್ರಡಯಾಲ್‌ಗಳನ್ನು ಸುಳ್ಳೇ ಹೆಚ್ಚು ತೋರಿಸಬಹುದು, ಎಲ್‌ಎಚ್, ಎಫ್‌ಎಸ್‌ಎಚ್‌ಗಳನ್ನು ಸುಳ್ಳೇ ಕಡಿಮೆ. ವೈದ್ಯರನ್ನು ಕೇಳಿ 2–3 ದಿನ ಮೊದಲೇ ನಿಲ್ಲಿಸಿ.

ಮಕ್ಕಳ ವಿಚಾರವಿದ್ದರೆ ಈ ಪ್ಯಾಕೇಜ್ ಸಾಲದು. ಹಾರ್ಮೋನ್ ಸುಧಾರಿಸಿದವರೆಲ್ಲರಿಗೂ ವೀರ್ಯಾಣು ಹೆಚ್ಚುವುದಿಲ್ಲ. ಕೆಲವರಿಗೆ ವೇಗವಾಗಿ ತೂಕ ಇಳಿಯುವ ಮೊದಲ ತಿಂಗಳುಗಳಲ್ಲಿ ಸಂಖ್ಯೆ ಕುಸಿಯುವುದೂ ಉಂಟು. ಸತು, ಫೋಲೇಟ್, ಬಿ12 ಕೊರತೆಯನ್ನೂ ನೋಡಬೇಕು. ಆದ್ದರಿಂದ ಸರ್ಜರಿಗೆ ಮೊದಲೇ ಒಂದು ವೀರ್ಯ ಪರೀಕ್ಷೆ ಮಾಡಿಸಿಟ್ಟುಕೊಳ್ಳಿ. ಅದಕ್ಕೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗದಂತೆ ಸಂಯಮ, ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬಿಗೆ. ಜಗಳೂರು, ಚನ್ನಗಿರಿ ಕಡೆಯವರು ಮನೆಯಿಂದ ತರುವ ಬದಲು ಲ್ಯಾಬಿನ ಕೋಣೆಯಲ್ಲೇ ಕೊಡುವುದು ಒಳ್ಳೆಯದು, ಇಲ್ಲಿನ ಕೋಣೆ ಚೊಕ್ಕಟವಾಗಿದೆ, ಒಳಗಿನಿಂದ ಚಿಲಕವಿದೆ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹಾಗಾಗಿ ಮರುಪರೀಕ್ಷೆ ಮೂರು ತಿಂಗಳಿಗೆ.

ವರದಿಯಲ್ಲಿ ‘ಕಡಿಮೆ’ ಅಂತ ಕಂಡ ಕೂಡಲೇ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಅದು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ಅಡಗಿಸಿ ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಹುದು. ಮಗು ಬೇಕೆನ್ನುವವರು ಅದನ್ನು ಮುಟ್ಟಲೇಬಾರದು, ಎಂಡೊಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ ವೈದ್ಯರು) ಹತ್ತಿರ ಹೋಗಬೇಕು.

ಎಸ್‌ಎಚ್‌ಬಿಜಿ ಸೇರಿಸಿಕೊಟ್ಟರೆ ಈ ಪ್ಯಾಕೇಜಿಗೆ ಐದಕ್ಕೆ ನಾಲ್ಕು, ಇಲ್ಲದಿದ್ದರೆ ಎರಡು. ಮುಂದಿನ ಪರೀಕ್ಷೆಯನ್ನೂ ಇದೇ ಲ್ಯಾಬಿನಲ್ಲಿ ಮಾಡಿಸಿ, ಯಂತ್ರ ಬದಲಾದರೆ ಅಂಕಿಗಳನ್ನು ಹೋಲಿಸಲಾಗದು.