ಇಸಿಜಿಗೆ ರ್‍ಯಾಂಡಮ್ ಫಾರೆಸ್ಟ್ ಛಲೋನೋ ಸಿಎನ್‌ಎನ್ ಛಲೋನೋ, ಎರಡೂ ಮಾಡಿ ನೋಡೀವಿ

ಫೈನಲ್ ಇಯರ್ ಪ್ರಾಜೆಕ್ಟು ನೋಡ್ರಿ, ಇಸಿಜಿ ಗೆರಿ ನೋಡಿ ಹಾರ್ಟ್ ಅಟ್ಯಾಕ್ ಐತೇನು ಅಂತ ಹೇಳಾಕ ಕಂಪ್ಯೂಟರ್‌ಗೆ ಕಲಿಸೂದು, ಬಾಗಲಕೋಟಿ ನವನಗರದ ರೂಮಿನ್ಯಾಗ ನಾಕ ಮಂದಿ, ಒಂದ ಲ್ಯಾಪ್‌ಟಾಪ್. ಡೇಟಾ ಎರಡಕ್ಕೂ ಒಂದ, ಪಿಟಿಬಿ-ಎಕ್ಸ್‌ಎಲ್ ಅಂತ, ಜರ್ಮನಿಯವ್ರದು, 1989ರಿಂದ 1996ರ ತನಕ ತಗದ 21 ಸಾವಿರದ ಮ್ಯಾಲ ಇಸಿಜಿ, ಒಂದೊಂದೂ 10 ಸೆಕೆಂಡು, 12 ಲೀಡು, ಅಂದ್ರ ಒಂದ ಹೃದಯನ 12 ಕೋನದಿಂದ ನೋಡಿದ ಗೆರಿ. ಪುಕ್ಕಟ ಸಿಗ್ತೈತಿ.

ರ್‍ಯಾಂಡಮ್ ಫಾರೆಸ್ಟಿನ್ಯಾಗ ದುಡಿತ ಎಲ್ಲಾ ನಮ್ದ, ಯಾಕಂದ್ರ ಅದು ನಾವು ಅಳದು ಕೊಟ್ಟ ಅಂಕಿ ಮ್ಯಾಲ ಹೌದು-ಅಲ್ಲ ಪ್ರಶ್ನೆ ಕೇಳಿ, ಬಹಳ ‘ಗಿಡ’ಗಳ ಓಟಿನಿಂದ ತೀರ್ಪು ಹೇಳೂ ಪ್ರೋಗ್ರಾಮ್. ಆರ್ ಪೀಕ್, ಅಂದ್ರ ಬಡಿತದ ಚೂಪು ತುದಿ, ಹುಡುಕ್ಬೇಕು, ಅದರ ಹಿಂದಿನ-ಮುಂದಿನ ತುಂಡಿಗೆ ಕ್ಯೂ, ಎಸ್‌ಟಿ, ಟಿ ಅಂತಾರ, ಎಸ್‌ಟಿ ಎಷ್ಟು ಎದ್ದೈತಿ, ಕ್ಯೂ ಎಷ್ಟು ಅಗಲ, ಟಿ ತಲಿಕೆಳಗ ಆಗೇತೇನು, ಹನ್ನೆರಡೂ ಲೀಡಿಗೆ ಅಳದು ಕಾಲಂ ತುಂಬಬೇಕು. ಪೇಶಂಟ್ ಉಸಿರಾಡಿದ್ರ ಗೆರಿನೂ ತೇಲ್ತೈತಿ, ಫಿಲ್ಟರ್ ಮಾಡ್ಲಿಲ್ಲಂದ್ರ ಎಸ್‌ಟಿ ಅಳತಿ ಪೂರಾ ಸುಳ್ಳು, ಒಂದು ವಾರ ಇದಕ್ಕ ಹೋತು. ಟ್ರೇನಿಂಗ್ ಮಾತ್ರ ಚಾ ತರೂದ್ರಾಗ ಮುಗೀತು.

ಸಿಎನ್‌ಎನ್‌ಗೆ ಈ ಕಿರಿಕಿರಿ ಇಲ್ಲ, ಅದು ಗೆರಿಯೊಳಗಿನ ಗುರುತು ತಾನ ಕಲಿಯೂ ನ್ಯೂರಲ್ ನೆಟ್‌ವರ್ಕ್, ಗೆರಿ ಹಂಗ ಕೊಟ್ಟುಬಿಡೂದು. ಆದ್ರ ಗೂಗಲ್ ಕೊಲ್ಯಾಬಿನ ಪುಕ್ಕಟ ಜಿಪಿಯು (ಆನ್‌ಲೈನ್ ಸಿಗೂ ಜೋರು ಚಿಪ್ಪು) ನಡುವ ಕೈ ಕೊಡ್ತಿತ್ತು. ಮೊದ್ಲ ನಾವು ಒಂದೊಂದು ಬಡಿತ ಕತ್ತರಿಸಿ, ಎಲ್ಲಾ ಕಲಸಿ, ಟ್ರೇನ್-ಟೆಸ್ಟ್ ಅಂತ ಕಲಿಸಾಕ ಒಂದು ಪಾಲು, ಪರೀಕ್ಷಾಕ್ಕ ಒಂದು ಪಾಲು ಹಂಚಿದ್ವಿ, ಅಬಾಬಾ ಏನ್ ಮಾರ್ಕ್ಸು, ಪಾರ್ಟಿನೂ ಆತು, ಆಮ್ಯಾಲ ತಿಳೀತು ಒಂದ ಪೇಶಂಟಿನ ಬಡಿತ ಎರಡೂ ಕಡೆ ಕುಂತಾವು ಅಂತ, ಅಂದ್ರ ಪ್ರಶ್ನೆಪತ್ರಿಕಿ ಮೊದ್ಲ ಸಿಕ್ಕಂಗ. ಆ ಡೇಟಾದೊಳಗ 10 ಫೋಲ್ಡ್, ಅಂದ್ರ ಪಾಲು, ಮೊದ್ಲ ಹಂಚಿ ಇಟ್ಟಾರ, ಒಬ್ಬ ಪೇಶಂಟ್ ಒಂದ ಫೋಲ್ಡಿನ್ಯಾಗ, 10ನೇದು ಟೆಸ್ಟಿಗೆ. ಹಂಗ ಮಾಡಿದ್ರ ಎರಡೂ ಕೆಳಗ ಬಿದ್ವು, ಸಿಎನ್‌ಎನ್ ಮುಂದ ಉಳೀತು ಖರೆ, ಆದ್ರ ಆ ಠೇಂಕಾರ ಉಳೀಲಿಲ್ಲ.

ನಮ್ಮ ಕಾಕಾ ಜಮಖಂಡಿ ಕಡೆ ಇಸಿಜಿ ಟೆಕ್ನಿಷಿಯನ್. ಸಿಎನ್‌ಎನ್ ಜೋರಾಗಿ ‘ಅಟ್ಯಾಕ್’ ಅಂದಿದ್ದೊಂದು ಪ್ರಿಂಟ್ ತೋರಿಸಿದ್ನಿ. ಕಾಕಾ ಕನ್ನಡಕ ಏರಿಸಿ 2, 3, ಎವಿಎಫ್ ಅನ್ನೂ ಲೀಡುಗಳ ಮ್ಯಾಲ ಉಗುರು ಎಳದು, ‘ತಮ್ಮಾ, ಇದು ಹಳೇದು. ಕ್ಯೂ ಆಳಕ್ಕ ಹೋಗೇತಿ, ಹೊಸಾದಕ್ಕ ಹೆಚ್ಚಾಗಿ ಏಳೂ ಎಸ್‌ಟಿ ಸಪಾಟ್ ಐತಿ. ಇವನ್ನ ಈಗ ಆಂಬುಲೆನ್ಸ್‌ನ್ಯಾಗ ಹಾಕ್ತೀಯೇನು?’ ಅಂದ. ಲೇಬಲ್ ತಗದು ನೋಡಿದ್ರ ಹೌದು, ಎಂಐ (ಹಾರ್ಟ್ ಅಟ್ಯಾಕ್) ಅನ್ನೂ ಗುಂಪಿನ್ಯಾಗ ಹಳೇ ಅಟ್ಯಾಕ್, ಹೊಸಾ ಅಟ್ಯಾಕ್ ಎಲ್ಲಾ ಕೂಡೇ ಅದಾವು. ರ್‍ಯಾಂಡಮ್ ಫಾರೆಸ್ಟೂ ಅದನ್ನ ಅಟ್ಯಾಕ್ ಅಂದಿತ್ತು, ಆದ್ರ ಅದರ ಕಾಲಂನ್ಯಾಗ ಎಸ್‌ಟಿ ಸೊನ್ನಿ ಹತ್ರ ಅಂತ ಕಣ್ಣಿಗೆ ಕಾಣ್ತಿತ್ತು, ಸಿಎನ್‌ಎನ್‌ನ ಕೇಳಿದ್ರ ಬಾಯೇ ಬಿಡವಲ್ದು.

ಹಿಂಗಾಗಿ ಮಾರ್ಕ್ಸ್ ಕಡಿಮಿ ಆದ್ರೂ ನಾ ಫಾರೆಸ್ಟ್ ಕಡೆ, ದೋಸ್ತರು ಸಿಎನ್‌ಎನ್ ಕಡೆ, ಡೆಮೊಕ್ಕ ಎರಡೂ ಪಕ್ಕಕ್ಕ ಪಕ್ಕ ಇಟ್ಟೀವಿ. ಟೈಟಲ್‌ನ್ಯಾಗಿನ ‘ಹಾರ್ಟ್ ಅಟ್ಯಾಕ್ ಡಿಟೆಕ್ಷನ್’ ಮಾತ್ರ ತಗಿಯಾಕ ಗೈಡ್ ಸರ್ ಒಪ್ಪವಲ್ರು, ಬೈಂಡಿಂಗ್ ಆಗಿಬಿಟ್ಟೈತಂತ.