ಬೆಳಗಾವಿಯ ಕಾನ್ವೆಂಟಿನಲ್ಲಿ ಆಫ್ರಿಕಾದ ಧರ್ಮಭಗಿನಿಯರ ಚಿತ್ರಪ್ರದರ್ಶನ: ಒಬ್ಬ ನರ್ಸಿಂಗ್ ಶಿಕ್ಷಕಿಯ ವಿಮರ್ಶೆ

ಬೆಳಗಾವಿ ನಗರದ ಧರ್ಮಭಗಿನಿಯರ ಕಾನ್ವೆಂಟೊಂದು ಶಾಲೆ, ಕಾಲೇಜು ಮತ್ತು ಮಹಿಳಾ ಮಂಡಳಗಳಿಗಾಗಿ ಒಂದು ಚಿತ್ರಪ್ರದರ್ಶನವನ್ನೂ ಅದರ ಜೊತೆಗೆ ವಿವರಣೆ ಮತ್ತು ಸಂವಾದವನ್ನೂ ನಡೆಸಿಕೊಡುತ್ತಿದೆ. ಸುಮಾರು ನೂರೈವತ್ತು ವರ್ಷಗಳಿಂದ ಆಫ್ರಿಕಾದಲ್ಲಿ ದುಡಿಯುತ್ತ ಬಂದ ಕ್ಯಾಥೋಲಿಕ್ ಧರ್ಮಭಗಿನಿಯರ ಬದುಕು ಮತ್ತು ಅವರು ‘ದೇವಕರೆ’ ಎಂದು ಕರೆಯುವ ಜೀವನಮಾರ್ಗವೇ ಇದರ ವಿಷಯ. ಶುಲ್ಕವಿಲ್ಲ, ಮುಂಚಿತವಾಗಿ ಫೋನ್ ಮಾಡಿ ದಿನವನ್ನು ಗೊತ್ತುಮಾಡಿಕೊಂಡರೆ ಸಾಕು. ಬಾಗಲಕೋಟೆಯಲ್ಲಿ ನರ್ಸಿಂಗ್ ಪಾಠ ಹೇಳುವ ನಾನು ನಮ್ಮ ವಿದ್ಯಾರ್ಥಿನಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಾನು ಕ್ರೈಸ್ತಳಲ್ಲ. ಕೂಡಲಸಂಗಮದ ಸೀಮೆಯಲ್ಲಿ, ಕಾಯಕ ಮತ್ತು ದಾಸೋಹದ ಮಾತುಗಳನ್ನು ಕೇಳುತ್ತ ಬೆಳೆದವಳು. ಆದ್ದರಿಂದ ಈ ಪ್ರದರ್ಶನವನ್ನು ನಾನು ನೋಡಿದ್ದು ಮುಖ್ಯವಾಗಿ ರೋಗಿಯ ಆರೈಕೆ ಎಂಬ ಕಾಯಕದ ಕಡೆಯಿಂದ. ಹಾಗೆ ನೋಡಿದಾಗ ಅದು ಬಹಳ ಬೆಲೆಯುಳ್ಳದ್ದು ಎಂದೇ ನನ್ನ ತೀರ್ಮಾನ.

ಚಿತ್ರಫಲಕಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ್ದಾರೆ. 1867-68ರ ಬರ ಮತ್ತು ಕಾಲರಾದಿಂದ ಅಲ್ಜೀರಿಯಾದಲ್ಲಿ ಅನಾಥರಾದ ಮಕ್ಕಳ ಚಿತ್ರದಿಂದ ಕಥೆ ಆರಂಭವಾಗುತ್ತದೆ. ಅಲ್ಜಿಯರ್ಸ್ ನಗರದ ಮಹಾಧರ್ಮಾಧ್ಯಕ್ಷರಾಗಿದ್ದ ಚಾರ್ಲ್ಸ್ ಲವಿಜೆರಿ 1869ರಲ್ಲಿ ಆಫ್ರಿಕಾ ಮಾತೆಯ ಮಿಷನರಿ ಭಗಿನಿಯರ ಸಭೆಯನ್ನು, ಅಂದರೆ ಒಂದೇ ನಿಯಮದಡಿ ಕೂಡಿ ಬಾಳುವ ಧರ್ಮಭಗಿನಿಯರ ಸಂಘವನ್ನು, ಸ್ಥಾಪಿಸಿದರು. ಬಿಳಿ ಉಡುಪಿನ ಕಾರಣ ಜನ ಅವರನ್ನು ‘ಬಿಳಿಯ ಸಿಸ್ಟರುಗಳು’ ಎಂದರು. ಒಂದು ಮನೆಯಲ್ಲಿ ಮೂವರಿಗಿಂತ ಕಡಿಮೆ ಮಂದಿ ಇರಕೂಡದು, ಹೋದ ಊರಿನ ಭಾಷೆಯನ್ನು ಕಲಿಯಲೇಬೇಕು ಎಂಬುದು ಅವರ ಕಟ್ಟುನಿಟ್ಟು. 1872ರಲ್ಲಿ ಇಟಲಿಯ ವೆರೋನಾದಲ್ಲಿ ಡೇನಿಯಲ್ ಕೊಂಬೋನಿ ಆರಂಭಿಸಿದ ಭಗಿನಿಯರ ಸಭೆಯ ಬಗ್ಗೆ ಒಂದೇ ಫಲಕವಿದೆ. ಅದನ್ನು ಓದಿ ಮುಂದೆ ಸಾಗಬಹುದು.

ಪ್ರದರ್ಶನಕ್ಕೆ ಜೀವ ಬರುವುದು ಉಗಾಂಡಾದ ಭಾಗದಲ್ಲಿ. ಐರ್ಲೆಂಡಿನ ತೆರೇಸಾ ಕಿಯರ್ನಿ, ಅಂದರೆ ಮದರ್ ಕೆವಿನ್, 1903ರಲ್ಲಿ ಕಂಪಾಲಾದ ನ್ಸಾಂಬ್ಯ ಗುಡ್ಡಕ್ಕೆ ಬಂದು ಮಾವಿನ ಮರದ ಕೆಳಗೆ ಔಷಧ ಕೊಡಲು ಕೂತರು. ಆ ಜಾಗ ಮುಂದೆ ದೊಡ್ಡ ಆಸ್ಪತ್ರೆಯಾಯಿತು. ಆದರೆ ನಮ್ಮ ಹುಡುಗಿಯರು ಹೆಚ್ಚು ಹೊತ್ತು ನಿಂತದ್ದು ಪಕ್ಕದ ಫಲಕದ ಮುಂದೆ. ವ್ರತ ತೊಟ್ಟ ಧರ್ಮಭಗಿನಿಯರು ಹೆರಿಗೆ ಮಾಡಿಸಕೂಡದು ಎಂಬ ನಿಷೇಧ ಆಗ ಚರ್ಚಿನಲ್ಲಿತ್ತು. ಹೆರಿಗೆಯಲ್ಲೇ ತಾಯಂದಿರು ಸಾಯುತ್ತಿದ್ದ ನಾಡಿನಲ್ಲಿ, ಆಸ್ಪತ್ರೆ ನಡೆಸುವ ಹೆಂಗಸರ ಕೈಯನ್ನು ಹೆರಿಗೆ ಕೋಣೆಯ ಹೊರಗೇ ಕಟ್ಟಿಹಾಕುವ ನಿಯಮ ಅದು. ಮದರ್ ಕೆವಿನ್ ಅದಕ್ಕೆ ದಾರಿ ಹುಡುಕಿದ ಬಗೆ ಮೆಚ್ಚತಕ್ಕದ್ದು. ವ್ರತಧಾರಿಯಲ್ಲದ ವೈದ್ಯೆ ಎವೆಲಿನ್ ಕಾನಲಿ ಅವರನ್ನು ಜೊತೆಗೆ ಸೇರಿಸಿಕೊಂಡು, ನಿಷೇಧ ಹಿಂದಕ್ಕೆ ಸರಿಯುವ ಮೊದಲೇ, ಅಲ್ಲಿನ ಹೆಣ್ಣುಮಕ್ಕಳಿಗೆ ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿಯನ್ನು ಆರಂಭಿಸಿದರು. ರೋಮ್‌ನ ಚರ್ಚ್ ಆಡಳಿತ ಆ ನಿಷೇಧವನ್ನು ಹಿಂದಕ್ಕೆ ಪಡೆದದ್ದು 1936ರ ಫೆಬ್ರವರಿಯಲ್ಲಿ.

ಈ ಬದಲಾವಣೆಯ ಹಿಂದೆ ನಮ್ಮ ಉಪಖಂಡದ ಪಾಲೂ ಇದೆ. ಅದನ್ನು ಫಲಕದಲ್ಲಿ ಬರೆದಿಲ್ಲ, ಬರೆಯಬೇಕಿತ್ತು. ಪರದೆಯ ಒಳಗಿದ್ದ ಹೆಂಗಸರು ಪುರುಷ ವೈದ್ಯರಿಗೆ ಮೈ ತೋರಿಸಲೊಪ್ಪದೆ ಸಾಯುವುದನ್ನು ಅರಿತ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲ್ಯಾರೆನ್, ಆಗಿನ್ನೂ ಅವಿಭಜಿತ ಭಾರತದಲ್ಲಿದ್ದ ರಾವಲ್ಪಿಂಡಿಯಲ್ಲಿ ಹೆಂಗಸರ ಆಸ್ಪತ್ರೆ ತೆರೆಯಲು ಕಾರಣರಾದರು. ಧರ್ಮಭಗಿನಿಯರಿಗೆ ವೈದ್ಯವೃತ್ತಿಗೆ ಅನುಮತಿ ಕೊಡಬೇಕೆಂದು ರೋಮ್‌ಗೆ ಮತ್ತೆ ಮತ್ತೆ ಮನವಿ ಸಲ್ಲಿಸಿದರು. ಅದೇ ಆಸ್ಪತ್ರೆಯಲ್ಲಿ ದುಡಿದ ಆಸ್ಟ್ರಿಯಾದ ಅನ್ನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಒಂದು ಭಗಿನಿಯರ ಸಭೆಯನ್ನು ಕಟ್ಟಿದರು. ನಿಷೇಧ ಹೋದ ಮರುವರ್ಷ, 1937ರಲ್ಲಿ, ಐರ್ಲೆಂಡಿನ ಮೇರಿ ಮಾರ್ಟಿನ್ ನೈಜೀರಿಯಾದಲ್ಲಿ ಮೇರಿಯ ವೈದ್ಯಕೀಯ ಮಿಷನರಿ ಭಗಿನಿಯರ ಸಭೆಯನ್ನು ಸ್ಥಾಪಿಸಿದರು. ರಾವಲ್ಪಿಂಡಿಯ ಹೆಂಗಸರ ಸಂಕಟಕ್ಕೂ ನೈಜೀರಿಯಾದ ಹೆರಿಗೆ ವಾರ್ಡಿಗೂ ಇರುವ ಈ ನಂಟನ್ನು ಬೆಳಗಾವಿಯಲ್ಲಿ ನಡೆಯುವ ಪ್ರದರ್ಶನ ಹೇಳದಿದ್ದರೆ ಬೇರೆಲ್ಲಿ ಹೇಳಬೇಕು?

ಮದರ್ ಕೆವಿನ್ 1923ರಲ್ಲಿ ಉಗಾಂಡಾದ ಹೆಣ್ಣುಮಕ್ಕಳದೇ ಆದ ಒಂದು ಸಭೆಯನ್ನು ಆರಂಭಿಸಿದರು. ಸಂತ ಫ್ರಾನ್ಸಿಸರ ಕಿರಿಯ ಭಗಿನಿಯರು ಎಂಬ ಆ ಸಭೆ ಇಂದು ಉಗಾಂಡಾ, ಕೆನ್ಯಾ ಮತ್ತು ಟಾಂಜಾನಿಯಾಗಳಲ್ಲಿ ಕೆಲಸ ಮಾಡುತ್ತಿದೆ. 1957ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ತೀರಿಕೊಂಡ ಮದರ್ ಕೆವಿನ್ ಅವರ ದೇಹವನ್ನು ಉಗಾಂಡಾಕ್ಕೆ ತಂದು ನ್ಕೊಕೊಂಜೆರುವಿನಲ್ಲಿ ಮಣ್ಣು ಮಾಡಲಾಯಿತು. ಹೊರಗಿನಿಂದ ಬಂದವರು ಎಷ್ಟು ವರ್ಷ ಇದ್ದರು ಎನ್ನುವುದಕ್ಕಿಂತ, ಅವರು ಹೋದ ಮೇಲೆ ಆ ಕೆಲಸವನ್ನು ಊರಿನವರು ಯಾರು ಹೊತ್ತರು ಎಂಬುದೇ ಇಂಥ ಸೇವೆಯ ನಿಜವಾದ ಅಳತೆ ಎಂದು ನಾನು ನಂಬಿದ್ದೇನೆ. ಪ್ರದರ್ಶನದ ಒಳ್ಳೆಯ ಭಾಗಗಳೆಲ್ಲ ಈ ಅಳತೆಗೆ ಒಗ್ಗುವಂಥವೇ.

ವಿವರಣೆ ಕೊಟ್ಟ ಹಿರಿಯ ಸಿಸ್ಟರ್ ಇದೇ ಜಿಲ್ಲೆಯವರು. ಟಾಂಜಾನಿಯಾದ ಹೆರಿಗೆ ವಾರ್ಡಿನಲ್ಲಿ ದೀರ್ಘಕಾಲ ಕೆಲಸ ಮಾಡಿ ಮರಳಿದವರು. ಅವರ ಮಾತೇ ಈ ಪ್ರದರ್ಶನದ ದೊಡ್ಡ ಆಸ್ತಿ. ಧರ್ಮಭಗಿನಿಯಾಗುವುದು ಒಂದು ದಿನದ ಆವೇಶದ ನಿರ್ಧಾರವಲ್ಲ ಎಂಬುದನ್ನು ಅವರು ಹಂತಹಂತವಾಗಿ ಬಿಡಿಸಿ ಹೇಳಿದರು: ಮೊದಲು ಕಾನ್ವೆಂಟಿನಲ್ಲಿದ್ದು ನೋಡುವ ಅವಧಿ, ಬಳಿಕ ಕನಿಷ್ಠ ಹನ್ನೆರಡು ತಿಂಗಳ ನವಶಿಷ್ಯತ್ವ (ಸಭೆಯ ಬದುಕಿನ ತರಬೇತಿ), ಅದಾದ ಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ತಾತ್ಕಾಲಿಕ ವ್ರತಗಳು. ಈ ತಾತ್ಕಾಲಿಕ ಅವಧಿ ಮೂರು ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ. ಸಾಮಾನ್ಯವಾಗಿ ಆರು ವರ್ಷಗಳವರೆಗೆ, ಅಗತ್ಯಬಿದ್ದರೆ ಒಂಬತ್ತರವರೆಗೆ ಸಾಗಬಹುದು. ಆಮೇಲೆಯೇ ಜೀವನಪರ್ಯಂತದ ವ್ರತ, ಅದೂ ಇಪ್ಪತ್ತೊಂದು ತುಂಬಿದ ಮೇಲೆ. ನಡುವೆ ಮನಸ್ಸು ಒಪ್ಪದಿದ್ದರೆ ಹೊರಗೆ ಹೋಗುವ ಬಾಗಿಲು ತೆರೆದೇ ಇರುತ್ತದೆ. ಸಂಬಳವೆಷ್ಟು ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ನೇರವಾಗಿ ಕೇಳಿದಾಗ, ಆಸ್ಪತ್ರೆ ಕೊಡುವ ಸಂಬಳವೆಲ್ಲ ಕಾನ್ವೆಂಟಿನ ಸಾಮಾನ್ಯ ನಿಧಿಗೆ ಸೇರುತ್ತದೆ, ಪ್ರತಿಯೊಬ್ಬರ ಅಗತ್ಯವನ್ನು ಅಲ್ಲಿಂದ ಪೂರೈಸುತ್ತಾರೆ ಎಂದು ಅಷ್ಟೇ ನೇರವಾಗಿ ಉತ್ತರಿಸಿದರು. ಇನ್ನೊಬ್ಬಳು, “ಮನಿ ನೆನಪ ಆಗ್ತಿದ್ದಿಲ್ಲೇನ್ರಿ ಸಿಸ್ಟರ್?” ಎಂದಳು. “ಆಗ್ತಿತ್ತವಾ, ಭಾಳ ಆಗ್ತಿತ್ತು. ಅವ್ವ ತೀರಿಕೊಂಡಾಗ ಬರಾಕ ಆಗಲಿಲ್ಲ. ಆದ್ರ ಮೊದಲನೇ ವರ್ಷ ಸ್ವಾಹಿಲಿ ಬರತಿದ್ದಿಲ್ಲ ನೋಡು, ಬ್ಯಾನಿ ತಿನ್ನೋ ಹೆಣಮಗಳಿಗೆ ಧೈರ್ಯ ಹೇಳಾಕ ನನ್ನ ಕಡೆ ಮಾತಿಲ್ಲ ಅಂತ ಅತ್ತಿದ್ದೇ ಹೆಚ್ಚು” ಎಂದರು. ವಿಧೇಯತೆಯ ವ್ರತದಲ್ಲಿ ತಮಗೆ ಕಷ್ಟವಾದದ್ದನ್ನೂ ಅವರು ಮುಚ್ಚಿಡಲಿಲ್ಲ: ತಾವು ಕಟ್ಟಿ ಬೆಳೆಸಿದ ವಾರ್ಡನ್ನು ಬಿಟ್ಟು ಮತ್ತೊಂದು ಊರಿಗೆ ಹೋಗು ಎಂಬ ಆದೇಶ ಬಂದಾಗ, ಆ ವಾರ್ಡಿನ ಬೀಗದ ಕೈಯನ್ನು ತಾವೇ ಕಲಿಸಿದ ಟಾಂಜಾನಿಯಾದ ನರ್ಸಿಗೆ ಒಪ್ಪಿಸಿ ಹೊರಟರಂತೆ.

ನನ್ನ ದೃಷ್ಟಿಯಲ್ಲಿ ಇಡೀ ಪ್ರದರ್ಶನದ ಅತ್ಯುತ್ತಮ ಭಾಗ ಯಾಂಬುಕು ಊರಿನದು. ಅದನ್ನು ಅಲ್ಲಿ ಇಟ್ಟದ್ದೇ ಧೈರ್ಯದ ಕೆಲಸ, ಏಕೆಂದರೆ ಅದು ಮಿಷನ್ ಆಸ್ಪತ್ರೆಯೊಂದರ ಭೀಕರ ಲೋಪದ ಕಥೆ. ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ, ಆಗಿನ ಜೈರ್ ದೇಶದ ಯಾಂಬುಕುವಿನಲ್ಲಿ ಬೆಲ್ಜಿಯಂನ ಭಗಿನಿಯರು ನಡೆಸುತ್ತಿದ್ದ 120 ಹಾಸಿಗೆಗಳ ಆಸ್ಪತ್ರೆಯಿತ್ತು. ದಿನ ಬೆಳಗಾದರೆ ಐದು ಸಿರಿಂಜುಗಳನ್ನು ಹೊರತೆಗೆದು, ಹೊರರೋಗಿಗಳಿಗೂ ಗರ್ಭಿಣಿಯರಿಗೂ ವಾರ್ಡಿನವರಿಗೂ ಅವುಗಳಲ್ಲೇ ಇಂಜೆಕ್ಷನ್ ಕೊಡುತ್ತಿದ್ದರು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಬಿಸಿನೀರಿನಲ್ಲಿ ತೊಳೆಯುತ್ತಿದ್ದರೇ ಹೊರತು ಪ್ರತಿಸಲ ಕುದಿಸುತ್ತಿರಲಿಲ್ಲ. 1976ರಲ್ಲಿ ಅಲ್ಲಿ ಕಾಣಿಸಿಕೊಂಡ ಹೆಸರಿಲ್ಲದ ಜ್ವರ ಆ ಸೂಜಿಗಳ ಮೂಲಕವೂ ರೋಗಿಗಳ ಸಂಪರ್ಕದಿಂದಲೂ ಹಬ್ಬಿತು. ಮುಂದೆ ಸಮೀಪದ ನದಿಯ ಹೆಸರಿನಿಂದ ಅದು ಎಬೋಲಾ ಎನಿಸಿತು. ಆ ಸಲ ರೋಗಕ್ಕೆ ಸಿಕ್ಕ 318 ಮಂದಿಯಲ್ಲಿ 280 ಮಂದಿ ತೀರಿಕೊಂಡರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಮಂದಿ ಹೋದರು. ಆರೈಕೆ ಮಾಡುತ್ತಿದ್ದ ಭಗಿನಿಯರೂ ಸತ್ತರು. ಅಲ್ಲಿಂದ ರಾಜಧಾನಿ ಕಿನ್ಶಾಸಾಕ್ಕೆ ಸಾಗಿಸಿದ ರೋಗಿ ಸಿಸ್ಟರ್ ಒಬ್ಬರನ್ನು ನೋಡಿಕೊಂಡ ಕಾಂಗೋದ ತರುಣ ನರ್ಸ್ ಮಯಿಂಗಾ ಎನ್ಸೆಕಾ ಕೂಡ ಬದುಕಲಿಲ್ಲ.

ಈ ಫಲಕದ ಬಳಿ ಹಿರಿಯ ಸಿಸ್ಟರ್ ಹೇಳಿದ ಮಾತನ್ನು ನಮ್ಮ ವಿದ್ಯಾರ್ಥಿನಿಯರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು: ಪ್ರೀತಿ ಎಷ್ಟೇ ಇರಲಿ, ಸೂಜಿ ಕುದಿಸದಿದ್ದರೆ ಪ್ರೀತಿಯ ಕೈಯೇ ಕೊಲ್ಲುತ್ತದೆ. ಸೋಂಕು ನಿಯಂತ್ರಣದ ಪಾಠವನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತೇನೆ. ಅಲ್ಲಿ ಅದು ಹೃದಯಕ್ಕೆ ತಟ್ಟಿದ ಹಾಗೆ ನನ್ನ ತರಗತಿಯಲ್ಲಿ ಎಂದೂ ತಟ್ಟಿಲ್ಲ. 1995ರಲ್ಲಿ ಕಿಕ್ವಿಟ್ ನಗರದಲ್ಲಿ ಎಬೋಲಾ ಮರಳಿ ಬಂದಾಗ ಇಟಲಿಯ ಬೆರ್ಗಾಮೋ ಮೂಲದ ಸಭೆಯೊಂದರ ಆರು ಭಗಿನಿಯರು ರೋಗಿಗಳನ್ನು ಬಿಟ್ಟುಹೋಗದೆ ಪ್ರಾಣ ತೆತ್ತದ್ದನ್ನೂ ಪಕ್ಕದಲ್ಲೇ ತೋರಿಸಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟದ್ದು ಬಹಳ ಸರಿಯಾದ ಆಯ್ಕೆ.

ಇದೇ ವಿವೇಕ ಮುಂದಿನ ಭಾಗದಲ್ಲಿ ಸಡಿಲವಾಗುತ್ತದೆ. ಸೇವೆಯಲ್ಲಿ ಪ್ರಾಣ ತೆತ್ತ ‘ರಕ್ತಸಾಕ್ಷಿ’ಗಳ ಸಾಲಿನಲ್ಲಿ ಸಾವಿನ ಕ್ಷಣವೇ ಎದ್ದು ಕಾಣುತ್ತದೆ, ಬದುಕಿದ ವರ್ಷಗಳು ಹಿಂದೆ ಸರಿಯುತ್ತವೆ. 2006ರ ಸೆಪ್ಟೆಂಬರ್ 17ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ ಗುಂಡೇಟಿಗೆ ಬಲಿಯಾದ ಸಿಸ್ಟರ್ ಲಿಯೊನೆಲ್ಲಾ ಸ್ಗೋರ್ಬಾತಿ ಅವರು ಕ್ಷಮಿಸುತ್ತೇನೆ ಎನ್ನುತ್ತ ಪ್ರಾಣ ಬಿಟ್ಟದ್ದನ್ನು ದೊಡ್ಡಕ್ಷರಗಳಲ್ಲಿ ಬರೆದಿದ್ದಾರೆ. ಅವರು ನರ್ಸಿಂಗ್ ಶಿಕ್ಷಕಿಯಾಗಿದ್ದರು, ಸೊಮಾಲಿಯಾದ ಯುವಜನರಿಗೆ ಪಾಠ ಹೇಳಿ ಹೊರಬರುತ್ತಿದ್ದಾಗಲೇ ಈ ಕೃತ್ಯ ನಡೆಯಿತು ಎಂಬುದು ಮಾತ್ರ ಸಣ್ಣ ಅಕ್ಷರದಲ್ಲಿದೆ. ಅವರನ್ನು ರಕ್ಷಿಸಲು ಹೋಗಿ ಅದೇ ದಿನ ಸತ್ತ ಮುಸ್ಲಿಂ ಅಂಗರಕ್ಷಕ ಮೊಹಮದ್ ಮಹಮೂದ್ ಅವರ ಹೆಸರೇ ಅಲ್ಲಿಲ್ಲ. ಕೆನ್ಯಾದಲ್ಲಿ ದುಡಿದ ಇಟಲಿಯ ಸಿಸ್ಟರ್ ಇರೇನ್ ಸ್ತೆಫಾನಿ ಅವರ ಫಲಕ ಇದಕ್ಕಿಂತ ಚೆನ್ನಾಗಿದೆ: ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಹೊರೆ ಹೊರಲು ಹಿಡಿದು ತಂದ ಆಫ್ರಿಕನ್ನರ ಆಸ್ಪತ್ರೆಗಳಲ್ಲಿ ಅವರು ಮಾಡಿದ ಶುಶ್ರೂಷೆಗೂ, 1930ರಲ್ಲಿ ಪ್ಲೇಗ್ ರೋಗಿಯನ್ನು ನೋಡಿಕೊಳ್ಳುತ್ತ ತಾವೂ ಪ್ಲೇಗಿನಿಂದಲೇ ತೀರಿಕೊಂಡದ್ದಕ್ಕೂ ಸಮನಾದ ಜಾಗ ಸಿಕ್ಕಿದೆ.

ನನಗೆ ನಿಜವಾಗಿ ನೋವಾದದ್ದು ಒಂದು ಮೌನದಿಂದ. ಬೆಲ್ಜಿಯಂ ಆಳ್ವಿಕೆಯ ಕಾಂಗೋದಲ್ಲಿ ಬಿಳಿಯ ತಂದೆ ಮತ್ತು ಆಫ್ರಿಕನ್ ತಾಯಿಗೆ ಹುಟ್ಟಿದ ಮಕ್ಕಳನ್ನು ಸರ್ಕಾರ ತಾಯಂದಿರಿಂದ ಕಿತ್ತುಕೊಂಡು ಮಿಷನ್‌ಗಳಲ್ಲಿ ಇರಿಸಿತು. ಕಸಾಯ್ ಪ್ರಾಂತ್ಯದ ಕಟೆಂಡೆಯಲ್ಲಿ ಅಂಥ ಮಕ್ಕಳನ್ನು ಇಟ್ಟುಕೊಂಡವರು ಧರ್ಮಭಗಿನಿಯರೇ. ಹಾಗೆ ಬೆಳೆದ ಐವರು ಮಹಿಳೆಯರು ಹೂಡಿದ ದಾವೆಯಲ್ಲಿ ಬ್ರಸೆಲ್ಸ್‌ನ ಮೇಲ್ಮನವಿ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಬೆಲ್ಜಿಯಂ ಸರ್ಕಾರದ ಆ ಕೃತ್ಯವನ್ನು ಮಾನವತೆಯ ವಿರುದ್ಧದ ಅಪರಾಧವೆಂದು ತೀರ್ಪಿತ್ತಿತು. ಸೂಜಿಯ ಲೋಪವನ್ನು ಒಪ್ಪಿಕೊಂಡ ಪ್ರದರ್ಶನ ಇದನ್ನೂ ಒಪ್ಪಿಕೊಳ್ಳಬಲ್ಲದು. ಹಿರಿಯ ಸಿಸ್ಟರ್ ಮುಂದೆ ಈ ಮಾತೆತ್ತಿದಾಗ ಅವರು ತಡೆಯದೆ ಕೇಳಿ, ಫಲಕ ಸೇರಿಸುವ ಬಗ್ಗೆ ಕಾನ್ವೆಂಟಿನಲ್ಲಿ ಪ್ರಸ್ತಾಪಿಸುವುದಾಗಿ ಹೇಳಿದರು.

ಇನ್ನೊಂದು ಕೊರತೆ ಕೊನೆಯ ಭಾಗದ್ದು. ಯುರೋಪಿನಲ್ಲಿ ಧರ್ಮಭಗಿನಿಯರ ಸಂಖ್ಯೆ ಇಳಿಯುತ್ತಿದ್ದು, ಆಫ್ರಿಕಾದಲ್ಲಿ ಏರುತ್ತಿದೆ. ಹಾಗಿದ್ದೂ ಇಂದಿನ ಆಫ್ರಿಕನ್ ಭಗಿನಿಯರಿಗೆ ಎರಡೇ ಫಲಕಗಳು ದಕ್ಕಿವೆ. ಬಂಡುಕೋರರ ಸೆರೆಯಿಂದ ಪಾರಾದ ಹೆಣ್ಣುಮಕ್ಕಳಿಗೆ ಉಗಾಂಡಾದ ಗುಲು ಪಟ್ಟಣದಲ್ಲಿ ಹೊಲಿಗೆ ಕಲಿಸಿ ಬದುಕು ಕಟ್ಟಿಕೊಟ್ಟ ಸಿಸ್ಟರ್ ರೋಸ್ಮೆರಿ ನ್ಯಿರುಂಬೆ ಒಬ್ಬರು. ಕಾಂಗೋದ ಡುಂಗುವಿನಲ್ಲಿ ಅಂಥದೇ ಕೆಲಸಕ್ಕಾಗಿ 2013ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಿಂದ ನಾನ್ಸೆನ್ ಪ್ರಶಸ್ತಿ ಪಡೆದ ಸಿಸ್ಟರ್ ಆಂಜೆಲಿಕ್ ನಮೈಕಾ ಇನ್ನೊಬ್ಬರು. ಈ ಭಾಗ ಇದರ ಎರಡರಷ್ಟಾದರೂ ಬೆಳೆಯಬೇಕು.

ವ್ಯವಸ್ಥೆಯ ಬಗ್ಗೆ ಹೇಳುವುದಾದರೆ, ಫಲಕಗಳ ಕನ್ನಡ ಶುದ್ಧವಾಗಿದೆ, ಅಕ್ಷರಗಳು ಸಣ್ಣವು. ವಿವರಣೆ ಕನ್ನಡ, ಮರಾಠಿ, ಕೊಂಕಣಿ ಮತ್ತು ಇಂಗ್ಲಿಷಿನಲ್ಲಿ ದೊರೆಯುತ್ತದೆ. ಮತಾಂತರದ ಮಾತಾಗಲಿ ಕಾಣಿಕೆಯ ಒತ್ತಾಯವಾಗಲಿ ಎಲ್ಲಿಯೂ ಬರಲಿಲ್ಲ. ಸಭಾಂಗಣ ಮಹಡಿಯ ಮೇಲಿದ್ದು ಲಿಫ್ಟ್ ಇಲ್ಲದ ಕಾರಣ, ಮಂಡಿನೋವಿನ ಹಿರಿಯರನ್ನು ಕರೆತರುವವರು ಮೊದಲೇ ತಿಳಿಸುವುದು ಒಳ್ಳೆಯದು. ಚಹಾ ಕೊಡುತ್ತಾರೆ, ಊಟದ ವ್ಯವಸ್ಥೆ ಇಲ್ಲದ್ದರಿಂದ ನಾವು ಬುತ್ತಿ ಒಯ್ದಿದ್ದೆವು, ಅಂಗಳದಲ್ಲಿ ಕೂತು ಉಣ್ಣಲು ಜಾಗ ಮಾಡಿಕೊಟ್ಟರು. ನರ್ಸಿಂಗ್ ಮತ್ತು ಸಮಾಜಕಾರ್ಯ ಓದುವವರಿಗೆ ಇದು ಅತ್ಯಂತ ಉಪಯುಕ್ತ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎಬೋಲಾ ಭಾಗ ಭಾರವಾದೀತು. ದಿನ ಗೊತ್ತುಮಾಡುವಾಗ ಟಾಂಜಾನಿಯಾದಿಂದ ಮರಳಿದ ಸಿಸ್ಟರ್ ಅವರೇ ವಿವರಣೆಗೆ ಬರುವಂತೆ ಕೇಳಿಕೊಳ್ಳಿ, ಸಂವಾದಕ್ಕೆ ಕನಿಷ್ಠ ಒಂದು ಗಂಟೆ ಬಿಡಿ, ವಿದ್ಯಾರ್ಥಿಗಳಿಂದ ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆಯಿಸಿಕೊಂಡು ಹೋಗಿ.